ಅತ್ತೆಯ ಧ್ವನಿಗೆ ಎರಡಂತಸ್ತಿನ ಮನೆ

ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರ. ಹಿಂದಿ ಬಲ್ಲವನಿಗೆ ಈ ದೇಶದಲ್ಲಿ ಯಾವುದೂ ಕಠಿಣವಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹೊಸ ಮಿಕ್ಸರಿನ ಡಬ್ಬಿಯೊಳಗಿನ ಚೀಟಿ, ರೈಲಿನ ಟಿಕೀಟು, ಔಷಧಿ ಬಾಟಲಿಯ ಹಿಂದಿನ ಬರಹ, ಹೀಗೆ ಓಣಿಯಲ್ಲಿ ಯಾರ ಮನೆಗೆ ಏನು ಬಂದರೂ ಅದನ್ನು ಓದಿ ವಿವರಿಸುವ ಹೊಣೆಯನ್ನು ಯಾರೂ ಕೇಳದೆಯೇ ಹೊತ್ತುಕೊಂಡಿದ್ದೆ. ಆದ್ದರಿಂದ ನಮ್ಮ ಅತ್ತೆಯ ಧ್ವನಿಯನ್ನು ಶಾಶ್ವತವಾಗಿ ಕಾಪಾಡುವ ಕೆಲಸ ಮನೆಯಲ್ಲಿ ಹುಟ್ಟಿಕೊಂಡಾಗ, ಅದನ್ನು ತಿಳಿದವರ ಕೈಗೆ ಕೊಡೋಣ ಎಂಬ ವಿಚಾರವೇ ನನಗೆ ಬರಲಿಲ್ಲ. ತಿಳಿದವನು ನಾನೇ ಇದ್ದೆನಲ್ಲ!

ಅತ್ತೆಯ ವಿಷಯ ಮೊದಲು ಹೇಳಬೇಕು. ನನ್ನ ಹೆಂಡತಿ ಸುನಂದಾಳ ತವರು ಹುಕ್ಕೇರಿ ತಾಲೂಕಿನ ಕಣಗಲಾ. ಅಲ್ಲಿಯ ಜೈನರ ಮನೆಗಳಲ್ಲಿ ಕನ್ನಡದಲ್ಲಿ ಹೊರಟ ವಾಕ್ಯ ಮರಾಠಿಯಲ್ಲಿ ಹೋಗಿ ಮುಟ್ಟುತ್ತದೆ. ಹೇಳಿದವರಿಗೂ ಕೇಳಿದವರಿಗೂ ಅದರ ಖಬರು ಇರುವುದಿಲ್ಲ. ನಮ್ಮ ಅತ್ತೆ ಒಡಪು ಹೇಳುವುದರಲ್ಲಿ ಊರಿಗೇ ಹೆಸರಾದವರು. ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಕೂಡಿಸಿ ಹೇಳಬೇಕು. ಅದೇ ಒಡಪು. ಮದುವೆಯಾದ ಮೊದಲ ದೀಪಾವಳಿಗೆ ನಾನು ಹೊಸ ಅಳಿಯನಾಗಿ ಕಣಗಲಾಕ್ಕೆ ಹೋದಾಗ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿದ್ದರು. ನಾನು ಆಗ ತಾನೇ ಕೊಂಡ ಟೇಪ್ ರೆಕಾರ್ಡರನ್ನು ನಡುವೆ ಇಟ್ಟು ಬಟನ್ ಒತ್ತಿದ್ದೆ. ಅತ್ತೆ ತಮ್ಮ ಸರದಿ ಬಂದಾಗ ಸೆರಗು ಸರಿಮಾಡಿಕೊಂಡು ಹೇಳಿದರು:

"ಹೊಸಾ ಕೊಡಾ ಹೊತ್ತ ತಂದೀನಿ, ಒಂದ ಹನಿ ಚೆಲ್ಲಲಿಲ್ಲ,
ಭರಮಪ್ಪನವರ ಹೆಸರ ಹೇಳೀನಿ, ಅವರಿಗಿನ್ನೂ ಕೇಳಲಿಲ್ಲ!"

ಮಾವನವರಿಗೆ ಕಿವಿ ಮಂದ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಅವರು "ಏನಂದಿ?" ಎಂದು ಕೂಗಿದರು. ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಎಲ್ಲರ ನಗು ಮುಗಿದ ಮೇಲೂ ಅತ್ತೆಯ ನಗು ಒಂದು ಮುಂದುವರಿದಿತ್ತು. ಅದೆಲ್ಲ ಕ್ಯಾಸೆಟ್ಟಿನಲ್ಲಿ ಇಳಿದಿತ್ತು.

ಅತ್ತೆ ಬಹಳ ವರ್ಷ ಉಳಿಯಲಿಲ್ಲ. ಫೋಟೋ ಇದ್ದವು, ಆದರೆ ಒಂದರಲ್ಲೂ ನಗು ಇಲ್ಲ. ಕ್ಯಾಮರಾ ಕಂಡರೆ ಅವರು ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವರ ಹಾಗೆ ಆಗಿಬಿಡುತ್ತಿದ್ದರು. ನಗು ಇದ್ದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ. ಸವೆದುಹೋದೀತು ಎಂಬ ಭಯಕ್ಕೆ ಸುನಂದಾ ಅದನ್ನು ವರ್ಷಕ್ಕೊಮ್ಮೆ ದೀಪಾವಳಿಗೆ ಮಾತ್ರ ಹಚ್ಚುತ್ತಿದ್ದಳು. ಧ್ವನಿ ಸಣ್ಣದು ಮಾಡಿಕೊಂಡು, ಕಿವಿ ಹತ್ತಿರ ಒಯ್ದು ಕೂರುತ್ತಿದ್ದಳು. "ನೋಡ್ರಿ, ನಮ್ಮವ್ವ ಇನ್ನೂ ನಗಾಕತ್ತಾಳ," ಎನ್ನುತ್ತಿದ್ದಳು. ನಾನು ಆಗ ಯಾವುದೋ ಕೆಲಸದ ನೆವ ಮಾಡಿ ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಎರಡು ಸಾವಿರದ ಎಂಟರ ಸುಮಾರಿಗೆ ಕ್ಯಾಸೆಟ್ಟು ಎಳೆಯತೊಡಗಿತು. ಅತ್ತೆಯ ಧ್ವನಿ ನಡುನಡುವೆ ಗಂಡಸರ ಧ್ವನಿಯಾಗಿ, ಮತ್ತೆ ಅತ್ತೆಯದಾಗುತ್ತಿತ್ತು. ಸುನಂದಾ ಗಾಬರಿಯಾದಳು.

"ಏನರೆ ಮಾಡ್ರಿ. ಇದೂ ಹೋತಂದ್ರ ನಮ್ಮವ್ವ ಪೂರ್ತಿ ಹ್ವಾದಂಗ."

"ನೀ ಯಾಕ ಚಿಂತಿ ಮಾಡ್ತಿ? ನಾ ಅದೀನಲ್ಲ!" ಎಂದೆ.

ನಾನಿರುವುದೇ ಚಿಂತೆಯ ವಿಷಯ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಹಚ್ಚಿ ಧ್ವನಿ ತುಂಬುವ ವಿದ್ಯೆಯನ್ನು ನಾನು ಕಲಿತೆ. ಇನ್ನು ಅದನ್ನು ಇಡುವುದೆಲ್ಲಿ? ಸುನಂದಾ, "ಒಂದ ಸೀಡಿ ಮಾಡಿ ಕೊಡ್ರಿ, ಸಾಕು," ಎಂದಳು. ಹೆಂಗಸರ ಬುದ್ಧಿ ಎಂದು ನಾನು ಮರುಕಪಟ್ಟೆ. ಸೀಡಿಗೆ ಗೀರು ಬಿದ್ದರೆ? ಬೂಷ್ಟು ಹಿಡಿದರೆ? ಅತ್ತೆಯ ಧ್ವನಿಗೆ ಬೇಕಾದದ್ದು ಗಟ್ಟಿಮುಟ್ಟಾದ ಒಂದು ವ್ಯವಸ್ಥೆ. ಯಾವುದೋ ಪತ್ರಿಕೆಯಲ್ಲಿ ನಾನು ಓದಿದ್ದೆ: ನೆಟ್‌ವರ್ಕ್ ಸ್ಟೋರೇಜ್ ಎಂಬ ಪೆಟ್ಟಿಗೆಯೊಂದು ಬಂದಿದೆಯಂತೆ. ಅದರೊಳಗೆ ಡಿಸ್ಕ್ ಹಾಕಿ ಮೂಲೆಯಲ್ಲಿಟ್ಟರೆ ಮನೆಯ ಎಷ್ಟು ಕಂಪ್ಯೂಟರುಗಳಿಂದ ಬೇಕಾದರೂ ಅದರೊಳಗಿನದನ್ನು ತೆಗೆದು ಕೇಳಬಹುದಂತೆ. ನಮ್ಮ ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರು. ಆದರೆ ಮನುಷ್ಯನಿಗೆ ದೂರದೃಷ್ಟಿ ಎಂಬುದು ಇರಬೇಕೋ ಬೇಡವೋ!

ಗೋಕಾಕಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿ ಹೊಕ್ಕೆ.

"ಮನಿಗೆ ನೆಟ್‌ವರ್ಕ್ ಸ್ಟೋರೇಜ್ ಬೇಕಾಗಿತ್ರಿ," ಎಂದೆ ಗಂಭೀರವಾಗಿ.

ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ. "ಯಾಕ್ರಿ, ಮನಿಯೊಳಗ ನೆಟ್‌ವರ್ಕ್ ಬರೂದಿಲ್ಲೇನ್ರಿ?"

"ಅದಲ್ಲರಿ. ನೆಟ್‌ವರ್ಕಿನ್ಯಾಗ ಕೂಡಿಸಿ ಇಡೂದು."

"ನೆಟ್‌ವರ್ಕ್ ಕೂಡಿಸಿ ಇಡಾಕ ಬರೂದಿಲ್ರಿ ಸರ. ಬಂದಾಗ ಮಾತಾಡಿ ಮುಗಿಸಿಬಿಡಬೇಕು. ಬರಲಿಲ್ಲಂದ್ರ ಮಾಳಗಿ ಮ್ಯಾಲ ಹತ್ರಿ. ನಾವೂ ಹಂಗ ಮಾಡ್ತೀವಿ."

ನಾನು ಪೆಟ್ಟಿಗೆಯ ತತ್ವವನ್ನು ವಿವರಿಸತೊಡಗಿದೆ. ಅವನು ನಡುವೆಯೇ ಎದ್ದು ಬೇರೆ ಗಿರಾಕಿಗೆ ಇಲಿ ತೋರಿಸಲು ಹೋದ, ಕಂಪ್ಯೂಟರಿನ ಇಲಿ. ಗೋಕಾಕ ಇನ್ನೂ ನನ್ನ ಮಟ್ಟಕ್ಕೆ ಬಂದಿಲ್ಲ ಎಂದು ತೀರ್ಮಾನಿಸಿ ಮುಂದಿನ ಭಾನುವಾರ ಕೊಲ್ಹಾಪುರದ ಬಸ್ಸು ಹತ್ತಿದೆ.

ಕೊಲ್ಹಾಪುರದ ಅಂಗಡಿಯ ಮಾಲೀಕ ಸಾವಂತ ಒಳ್ಳೆಯ ಮನುಷ್ಯ. ಅವನು ಮರಾಠಿಯಲ್ಲಿ ಹೇಳಿದ, ನಾನು ಹಿಂದಿಯಲ್ಲಿ ಕೇಳಿದೆ, ಇಬ್ಬರೂ ಚಹಾ ಕುಡಿದೆವು. ಒಂದೇ ಡಿಸ್ಕಿನ ಪೆಟ್ಟಿಗೆ ನನಗೆ ಸಾಕು ಎಂದು ಅವನು ಎಷ್ಟೋ ಹೇಳಿದ. ನಾನು ಒಪ್ಪಲಿಲ್ಲ. ಒಂದರ ಮೇಲೊಂದು ಎರಡು ಡಿಸ್ಕು ಹಿಡಿಯುವ ದೊಡ್ಡ ಪೆಟ್ಟಿಗೆಯನ್ನೇ ಆರಿಸಿದೆ. ಸದ್ಯಕ್ಕೆ ಮೇಲಿನ ಮನೆಗೆ ಒಂದು ಡಿಸ್ಕು, ಕೆಳಗಿನದಕ್ಕೆ ಮುಂದೆ ನೋಡೋಣ. ಅಳಿಯನಾಗಿ ಅತ್ತೆಗೆ ಎರಡಂತಸ್ತಿನ ಮನೆ ಕಟ್ಟಿಸಿಕೊಟ್ಟ ಸಮಾಧಾನದಿಂದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂಕೇಶ್ವರದ ಮೇಲೆ ಹಾಯ್ದು ಮನೆಗೆ ಬಂದೆ.

ಸುನಂದಾ ಪೆಟ್ಟಿಗೆಯನ್ನು ಗೋಡೆಯಲ್ಲಿಯ ದೇವರ ಮಾಡದ ಬಾಜೂ ಇರಿಸಿದಳು. ಅತ್ತೆಯ ಧ್ವನಿ ಕಂಪ್ಯೂಟರಿನಲ್ಲಿ ಉಳಿಯದೆ ನೇರವಾಗಿ ಅದರೊಳಗೆ ಹೋಯಿತು. ಕಂಪ್ಯೂಟರಿನಿಂದ ಅಡುಗೆಮನೆಯವರೆಗೆ ಉದ್ದನೆಯ ವೈರು ಎಳೆದು ಒಂದು ಸ್ಪೀಕರ್ ಹಚ್ಚಿದೆ. ಪೆಟ್ಟಿಗೆಯ ಹಸಿರು ದೀಪ ಮಿಣುಕಿದರೆ ಸುನಂದಾ, "ಅವ್ವ ಎದ್ದಾಳ," ಎನ್ನುತ್ತಿದ್ದಳು.

ಸುದ್ದಿ ಓಣಿಗೆ ಹಬ್ಬಿತು. ಬಾಜೂಮನೆಯ ಮಲ್ಲಪ್ಪಕಾಕಾ, ನಾಗನೂರಿನಲ್ಲಿ ಹೊಲವಿರುವ ರೈತ, ಮೊಬೈಲು ಹಿಡಿದುಕೊಂಡೇ ಬಂದ. ಪೆಟ್ಟಿಗೆಯ ಹತ್ತಿರ ಹೋಗಿ ಮೊಬೈಲು ಎತ್ತಿ ಹಿಡಿದ.

"ನೆಟ್‌ವರ್ಕ್ ಪೆಟ್ಟಿಗಿ ತಂದಾರಂತ ಕೇಳ್ದೆ. ಖರೆ ಐತ್ರಿ ಮಾಸ್ತರ್ರ, ಎರಡ ಕಡ್ಡಿ ಬಂತು ನೋಡ್ರಿ!"

"ಕಾಕಾ, ಇದು ಆ ನೆಟ್‌ವರ್ಕ್ ಅಲ್ಲ."

"ಯಾವುದರೆ ಇರವಲ್ದ್ಯಾಕ. ಬಂತಿಲ್ಲೋ?" ಎಂದು ಅಲ್ಲೇ ನಿಂತು ಮಗಳಿಗೆ ಫೋನು ಹಚ್ಚಿದ. ಆಮೇಲೆ ದಿನಾಲೂ ಬರತೊಡಗಿದ.

ತಮಾಷೆ ಬಿಡಿ. ಆ ಕೆಲವು ತಿಂಗಳು ನಮ್ಮ ಮನೆಯಲ್ಲಿ ಅತ್ತೆ ಇದ್ದರು. ವರ್ಷಕ್ಕೊಮ್ಮೆ ಕೇಳುತ್ತಿದ್ದ ಸುನಂದಾ ಈಗ ದಿನಾಲೂ ಮುಂಜಾನೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅತ್ತೆ ಒಡಪು ಹೇಳುವರು, ಇವಳು ಜೊತೆಗೆ ತುಟಿ ಆಡಿಸುವಳು. ಅತ್ತೆ ನಗುವರು, ಇವಳ ಕೈ ಹಿಟ್ಟಿನ ಮೇಲೆ ಗಪ್ಪನೆ ನಿಲ್ಲುವುದು. ನನ್ನ ತಾಯಿ ನಾನು ಸಣ್ಣವನಿದ್ದಾಗಲೇ ಹೋದವಳು. ಹೀಗಾಗಿ ಮುಂಜಾನೆ ಅಡುಗೆಮನೆಯಲ್ಲಿ ಹಿರಿಯ ಹೆಂಗಸೊಬ್ಬರ ನಗು ಕೇಳುವುದು ನನಗೂ ಬೇಕಾಗಿಹೋಗಿತ್ತು. ಕೇಳದಿದ್ದರೆ ಚಹಾ ರುಚಿಸುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಒಂದು ದಿನ ಮಲ್ಲಪ್ಪಕಾಕಾ ಫೋನು ಮುಗಿಸಿ, "ಮಾಸ್ತರ್ರ, ಹಳೇ ಕ್ಯಾಸೆಟ್ ಇದ್ರ ಕೊಡ್ರಿ. ಜ್ವಾಳ ಹಾಲಗಾಳಿಗಿ ಬಂದೈತಿ. ಹಕ್ಕಿ ಹಾವಳಿ ಭಾಳ. ಅದರಾಗಿನ ರೀಲ್ ಹೊಲದ ತುಂಬ ಎಳದ ಕಟ್ಟಿದ್ರ ಗಾಳಿಗಿ ಗುಂಯ್ ಅಂತೈತಿ, ಹಕ್ಕಿ ಕುಂಡ್ರೂದಿಲ್ಲ," ಎಂದ. ನಾನು ಕ್ಯಾಸೆಟ್ಟುಗಳ ಚೀಲವನ್ನು ಇದ್ದಂತೆಯೇ ಎತ್ತಿ ಕೊಟ್ಟೆ. ಶಾಲೆಗೆಂದು ನಾನು ತುಂಬಿಸಿದ್ದ ಹಿಂದಿ ವ್ಯಾಕರಣದ ಕ್ಯಾಸೆಟ್ಟುಗಳು ಅದರಲ್ಲಿದ್ದವು. ಅತ್ತೆಯದೂ ಇತ್ತು. ಇತ್ತು ಎಂಬುದು ನನಗೆ ಗೊತ್ತಿತ್ತು! ಧ್ವನಿ ಪೆಟ್ಟಿಗೆಯಲ್ಲಿ ಭದ್ರವಾಗಿರುವಾಗ ಕ್ಯಾಸೆಟ್ಟನ್ನೂ ಇಟ್ಟುಕೊಳ್ಳುವುದು ವಿಜ್ಞಾನಕ್ಕೆ ಮಾಡುವ ಅವಮಾನ ಎಂದು ನನಗನಿಸಿತು. ಸುನಂದಾಳಿಗೆ ತಿಳಿಸುವಂಥ ದೊಡ್ಡ ಸಂಗತಿ ಎಂದು ಅನಿಸಲಿಲ್ಲ.

ಇತ್ತ ಪೆಟ್ಟಿಗೆಯಲ್ಲಿ ಜಾಗ ಕಡಿಮೆಯಾಗತೊಡಗಿತು. ಅತ್ತೆಯ ಧ್ವನಿ ಅದರಲ್ಲಿ ಹಿಡಿದದ್ದು ಮೂಲೆಯಷ್ಟು ಜಾಗ. ಉಳಿದದ್ದನ್ನೆಲ್ಲ ನಾನೇ ತುಂಬಿದ್ದೆ. ಸಂಧಿ, ಸಮಾಸ, ಲಿಂಗ, ವಚನ, ಎಲ್ಲವನ್ನೂ ನನ್ನ ಧ್ವನಿಯಲ್ಲಿ ಹೇಳಿ, ವೀಡಿಯೋ ಮಾಡಿ ಇಟ್ಟಿದ್ದೆ. ಮುಂದಿನ ಪೀಳಿಗೆಗೆ ಬೇಕಾದೀತು ಎಂಬ ಉದಾತ್ತ ಭಾವನೆ. ಈಗಿನ ಪೀಳಿಗೆ ಬೇಡವೆಂದಿತ್ತು.

"ಅಪ್‌ಗ್ರೇಡ್ ಮಾಡಬೇಕು," ಎಂದು ಘೋಷಿಸಿದೆ.

"ಚಲೋ ನಡದೈತೆಲ್ಲರಿ. ಯಾಕ ಕೈ ಹಾಕ್ತೀರಿ?" ಎಂದಳು ಸುನಂದಾ.

"ಅವ್ವನ ದನಿ ಒಂದ ಡಿಸ್ಕಿನ್ಯಾಗ ಐತಿ. ನಾಳಿ ಅದ ಕೆಟ್ರ? ಇನ್ನೊಂದು ದೊಡ್ಡ ಡಿಸ್ಕ್ ಹಾಕಿ ಅದಕ್ಕೂ ಕಾಪಿ ಮಾಡಿದ್ರ, ಒಂದು ಹೋದ್ರ ಇನ್ನೊಂದು ಇರ್ತೈತಿ."

ಅವ್ವನ ಹೆಸರು ಬಂದ ಮೇಲೆ ಅವಳು ತಡೆಯಲಿಲ್ಲ. ನಾನು ಗೆದ್ದೆ. ಸಾವಂತ ದೊಡ್ಡದೊಂದು ಡಿಸ್ಕನ್ನು ಕೊಲ್ಹಾಪುರದ ಬಸ್ಸಿಗೆ ಹಾಕಿ ಕಳಿಸಿದ. ಹೇಗೆ ಕೂಡಿಸಬೇಕೆಂಬುದನ್ನು ಫೋನಿನಲ್ಲಿ ಹೇಳುತ್ತೇನೆ ಎಂದ.

ನಮ್ಮ ಮನೆಯೊಳಗೆ ಫೋನಿಗೆ ನೆಟ್‌ವರ್ಕ್ ಬರುವುದಿಲ್ಲ. (ಮಲ್ಲಪ್ಪಕಾಕಾನಿಗೆ ಹೇಗೆ ಬರುತ್ತಿತ್ತೋ ಆ ದೇವರೇ ಬಲ್ಲ.) ಮೊಬೈಲು ಹಿಡಿದು ಮಾಳಿಗೆಯ ಮೆಟ್ಟಿಲು ಹತ್ತಿದೆ. ಸುನಂದಾ ಅಡುಗೆಮನೆಯಿಂದ ಕೂಗಿದಳು.

"ತಡೀರಿ, ನಾನೂ ಬರ್ತೀನಿ. ಸಾವಂತರು ಮರಾಠಿ ಮಾತಾಡ್ತಾರ. ನನ್ನ ಕೈಯಾಗ ಕೊಡ್ರಿ, ನಾ ಕೇಳಿ ಹೇಳ್ತೀನಿ."

"ನಾ ಯಾರಂತ ತಿಳದಿ? ಹಿಂದಿ ಮಾಸ್ತರ! ಹಿಂದಿ ಬಂದಾಂವಗ ಮರಾಠಿ ಏನ ದೊಡ್ಡದು? ನೀ ರೊಟ್ಟಿ ನೋಡ್ಕೋ, ಹೊತ್ತಾವು."

ಸಾವಂತ ಫೋನೆತ್ತಿದ. "ಸೋಪಂ ಆಹೇ ಸರ್," ಎಂದ. ಸುಲಭ ಇದೆ ಎಂದರ್ಥ. ಅರ್ಥವಾಯಿತು.

"ನವೀನ್ ಡಿಸ್ಕ್ ಖಾಲೀ ಠೇವಾ."

ಠೇವಾ ಎಂದರೆ ಇಡಿ. ಹೊಸ ಡಿಸ್ಕನ್ನು ಖಾಲಿ ಇಡಿ. ಅದೂ ಅರ್ಥವಾಯಿತು. ಹಿಂದಿಯಲ್ಲಿ ಖಾಲಿ ಎಂದರೆ ಖಾಲಿ. ಕನ್ನಡದಲ್ಲೂ ಖಾಲಿ ಎಂದರೆ ಖಾಲಿ. ಎರಡು ಭಾಷೆಗಳು ಒಂದಾಗಿ ಸಾಕ್ಷಿ ಹೇಳಿದ ಮೇಲೆ ಮೂರನೆಯದನ್ನು ಕೇಳುವ ಅಗತ್ಯವೇನಿದೆ? "ಜೀ, ಬಿಲ್ಕುಲ್ ಖಾಲೀ," ಎಂದೆ. ಹೊಸ ಡಿಸ್ಕು, ಅದರಲ್ಲಿ ನಾನು ಇನ್ನೂ ಏನನ್ನೂ ತುಂಬಿರಲಿಲ್ಲ. ಅವನಿಗೆ ಸಂತೋಷವಾಯಿತು.

"ಮಗ ಕಾಪೀಚಂ ಬಟನ್ ದಾಬಾ. ವರೂನ್ ಖಾಲೀ ಕಾಪೀ ಹೋಈಲ್."

ಆಮೇಲೆ ಕಾಪಿಯ ಬಟನ್ ಒತ್ತಿ. ಮೇಲೆ ಮೇಲೆ ಬರೀ ಕಾಪಿ ಆಗುತ್ತದೆ. ನಮ್ಮ ಹಿಂದಿಯಲ್ಲೂ ಮಾತಾಡುವಾಗ ಖಾಲೀ ಎಂದರೆ ಬರೀ ಎಂಬ ಅರ್ಥ ಇದೆ. ಅಂದರೆ ಒಳಗಿನದಕ್ಕೆ ಧಕ್ಕೆಯಿಲ್ಲ ಎಂದು ಸಾವಂತ ಧೈರ್ಯ ಹೇಳುತ್ತಿದ್ದಾನೆ. ಎಂಥ ಸಜ್ಜನ! ಧನ್ಯವಾದ ಹೇಳಿ ಕೆಳಗಿಳಿದೆ.

ಹೊಸ ಡಿಸ್ಕನ್ನು ಯಾವ ಮನೆಯಲ್ಲಿ ಇಡಬೇಕು ಎಂದು ಸಾವಂತ ಹೇಳಲಿಲ್ಲವಲ್ಲ ಎಂದುಕೊಂಡೆ. ಇಂಥಲ್ಲಿಯೇ ಸ್ವಂತ ಬುದ್ಧಿ ಬೇಕಾಗುವುದು. ಹಳೆಯ ಮನೆಯ ಮೇಲೆ ಹೊಸ ಅಂತಸ್ತು ಏರಿಸುತ್ತಾರೆಯೇ ಹೊರತು ಹೊಸ ಅಂತಸ್ತಿನ ಮೇಲೆ ಹಳೆಯ ಮನೆಯನ್ನು ಯಾವ ಗೌಂಡಿಯೂ ಕೂಡಿಸುವುದಿಲ್ಲ. ಆದ್ದರಿಂದ ಮೇಲಿದ್ದ ಹಳೆಯ ಡಿಸ್ಕನ್ನು, ಅಂದರೆ ಅತ್ತೆಯನ್ನು, ನಯವಾಗಿ ತೆಗೆದು ಕೆಳಗಿನ ಮನೆಗೆ ಸರಿಸಿದೆ. ಹೊಸದನ್ನು ಮೇಲೆ ಏರಿಸಿದೆ. ಬಟನ್ ಒತ್ತಿದೆ. ಪೆಟ್ಟಿಗೆ ಗುಂಯ್‌ಗುಟ್ಟಿತು. ಪುಟ್ಟ ಕಿಂಡಿಯಲ್ಲಿ ಪರ್ಸೆಂಟು ಏರತೊಡಗಿತು.

ಕರೆಂಟು ಹೋಗದಿರಲಿ ಎಂದು ದೇವರಿಗೆ ಕೈ ಮುಗಿದೆ. ನಮ್ಮ ಮೂಡಲಗಿಯಲ್ಲಿ ಆ ದಿನಗಳಲ್ಲಿ ಒಂದು ಸಿನಿಮಾ ಮುಗಿಯುವಷ್ಟು ಹೊತ್ತು ಕರೆಂಟು ಉಳಿದ ಇತಿಹಾಸವೇ ಇರಲಿಲ್ಲ. ಅಂದು ಉಳಿಯಿತು. ದೀಪ ಅಲುಗಲೂ ಇಲ್ಲ!

ಎಷ್ಟೋ ಹೊತ್ತಿಗೆ ಸುನಂದಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಎಲ್ಲೀಗಿ ಬಂತ್ರಿ? ಸಾವಂತರು ಏನಂದ್ರು?"

"ಭಾಳ ಸರಳ. ನವೀನ್ ಡಿಸ್ಕ್ ಖಾಲೀ ಠೇವಾ ಅಂದ."

"ಹೌದ? ಕೆಳಗ ಇಟ್ಟೀರೆಲ್ಲ ಮತ್ತ?"

"ಯಾವುದನ್ನ?"

"ಹೊಸಾದನ್ನರಿ!"

"ಮ್ಯಾಲ ಇಟ್ಟೀನಿ. ಖಾಲೀನ ಐತದು."

ಸುನಂದಾ ಬಗ್ಗಿ ಪೆಟ್ಟಿಗೆಯ ಕಡೆ ನೋಡಿದಳು. ಆಮೇಲೆ ಅವಳ ಮುಖವೇ ಬೇರೆಯಾಯಿತು.

"ಅಯ್ಯ ನಿಮ್ಮ! ಮರಾಠ್ಯಾಗ ಖಾಲೀ ಅಂದ್ರ ಕೆಳಗರಿ! ಖಾಲೀ ಠೇವಾ ಅಂದ್ರ ಕೆಳಗ ಇಡ್ರಿ ಅಂತ! ಮುಂದ ಏನಂದ್ರು?"

"ವರೂನ್ ಖಾಲೀ ಕಾಪೀ..."

"ಮ್ಯಾಲಿಂದ ಕೆಳಗ ಕಾಪಿ ಆಗ್ತೈತಿ ಅಂತ!"

ಮೇಲೆ ಇದ್ದದ್ದು ಏನೂ ಇಲ್ಲದ ಹೊಸ ಡಿಸ್ಕು. ಕೆಳಗೆ ಇದ್ದದ್ದು ಅತ್ತೆ. ಪೆಟ್ಟಿಗೆ ಅಷ್ಟು ಹೊತ್ತಿನಿಂದ ಮೇಲಿನ ಏನೂ ಇಲ್ಲದ್ದನ್ನು ತೆಗೆದು ತೆಗೆದು ಅತ್ತೆಯ ಮೇಲೆ ಬರೆಯುತ್ತಿತ್ತು, ಬಹಳ ಪ್ರಾಮಾಣಿಕವಾಗಿ, ಒಂದಕ್ಷರ ಬಿಡದೆ!

ಸುನಂದಾ ಪ್ಲಗ್ಗು ಕೀಳಲು ಓಡಿದಳು. ನಾನು ಅಡ್ಡ ನಿಂತೆ. "ಕಾಪಿ ನಡದಾಗ ಕರೆಂಟ್ ಕೀಳಬಾರದು ಅಂತ ಬರದಾರ! ಡಿಸ್ಕ್ ಹಾಳಾಗ್ತೈತಿ!"

"ಏನ ಉಳದೈತಂತ ಹಾಳಾಗಾಕ? ಸರೀರಿ!"

ನಾವು ಹೀಗೆ ಪ್ಲಗ್ಗಿನ ಮುಂದೆ ನೂಕಾಡುತ್ತಿರುವಾಗ ಪೆಟ್ಟಿಗೆ ಟೀಂ ಎಂದು ಇಂಪಾಗಿ ಕೂಗಿತು. ನೂರು ಪರ್ಸೆಂಟು. ಕೆಲಸ ಯಶಸ್ವಿಯಾಗಿತ್ತು.

"ದಿನಾ ಹೋಗೂ ಕರೆಂಟ್ ಇವತ್ತ ಹೋಗಬಾರದಾಗಿತ್ತೇನ್ರಿ!" ಎಂದು ಸುನಂದಾ ನೆಲಕ್ಕೆ ಕುಸಿದು ಕುಳಿತಳು.

ಆಮೇಲೆ ಅವಳೇ ಮೊಬೈಲು ತೆಗೆದುಕೊಂಡು ಮಾಳಿಗೆ ಹತ್ತಿದಳು. ಕೆಳಗೆ ನಿಂತ ನನಗೆ ಅವಳ ಮರಾಠಿ ಕೇಳುತ್ತಿತ್ತು. ಎಷ್ಟು ಸರಾಗವಾದ ಮರಾಠಿ! ಇಳಿದು ಬಂದು ಮೆಟ್ಟಿಲ ಮೇಲೆಯೇ ಕುಳಿತಳು.

"ಏನೂ ಮಾಡಾಕ ಬರೂದಿಲ್ಲಂತರಿ. ಬರೇ ಅಳಿಸಿದ್ರ ತಿರುಗಿ ತಗೀಬಹುದಿತ್ತಂತ. ಮ್ಯಾಲ ಬರದ ಮ್ಯಾಲ ಆಗೂದಿಲ್ಲಂತ." ತನಗೆ ತಾನೇ ಧೈರ್ಯ ಹೇಳಿಕೊಳ್ಳುವವಳಂತೆ, "ಹೋಗ್ಲಿ ಬಿಡ್ರಿ. ಎಳೀತೈತಿ ಖರೆ, ಕ್ಯಾಸೆಟ್ ಐತೆಲ್ಲ. ಅದ ಸಾಕು," ಎಂದಳು.

ನಾನು ಪೆಟ್ಟಿಗೆಯ ವೈರು ಸುತ್ತತೊಡಗಿದೆ.

"ಐತೆಲ್ಲರಿ?"

"ಐತಿ," ಎಂದೆ. "ನಾಗನೂರಾಗ. ಹೊಲದಾಗ."

ಆ ನಂತರದ ಮಾತುಗಳನ್ನು ಬರೆಯುವುದು ನನ್ನ ಆರೋಗ್ಯಕ್ಕೆ ಒಳ್ಳೆಯದಲ್ಲ. ಸ್ಕೂಟರಿನ ಮೇಲೆ ಇಬ್ಬರೂ ನಾಗನೂರಿಗೆ ಹೋದೆವು. ದಾರಿಯುದ್ದಕ್ಕೂ ಸುನಂದಾ ನನ್ನ ಹೆಗಲ ಮೇಲೆ ಕೈ ಇಡಲಿಲ್ಲ. ಸ್ಟೆಪ್ನಿ ಹಿಡಿದು ಕುಳಿತಿದ್ದಳು.

ಮಲ್ಲಪ್ಪಕಾಕಾ ಬದುವಿನ ಮೇಲೆ ಸಿಕ್ಕ. ತೆನೆ ತುಂಬಿದ ಜೋಳದ ಮೇಲೆ ಈ ತುದಿಯಿಂದ ಆ ತುದಿಗೆ ಕಂದು ರೀಲುಗಳು ಬಿಸಿಲಿಗೆ ಮಿಂಚುತ್ತಿದ್ದವು.

"ಬರ್ರಿ ಬರ್ರಿ! ಭಾಳ ಚಲೋ ಆಗೇತ್ರಿ ಮಾಸ್ತರ್ರ. ಒಂದ ಗುಬ್ಬಿ ಇಳಿಯವಲ್ದು!"

"ಕಾಕಾ, ಅದರಾಗ ನಮ್ಮವ್ವನ ಕ್ಯಾಸೆಟ್ ಇತ್ತ," ಎಂದಳು ಸುನಂದಾ. "ಅದರ ರೀಲ್ ಯಾವುದು?"

ಮಲ್ಲಪ್ಪಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಪಾಪ, ಅವನಿಗೂ ಕೆಟ್ಟದೆನಿಸಿತು. "ಗೊತ್ತಿಲ್ಲವ ತಂಗಿ. ಎಲ್ಲಾ ಒಂದ ನಮೂನಿ ಇದ್ದೂ. ಗಾಳಿಗಿ ಹರದಾವು, ಬಿಸಲಿಗಿ ಸುಟ್ಟಾವು. ಆ ಮೂಡಣ ಕಡೀದು ಅಷ್ಟ ಮಾಸ್ತರ್ರದು ಇರಬೇಕು. ಆ ಕಡೆ ಹಕ್ಕಿ ಹಾಯೂದ ಇಲ್ಲ."

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಸುನಂದಾ ಜೋಳದೊಳಗೆ ನಡೆದುಹೋದಳು. ಗಾಳಿ ಬಿಟ್ಟಾಗ ರೀಲುಗಳು ಗುಂಯ್ ಎನ್ನುತ್ತಿದ್ದವು. ಒಂದೊಂದರ ಹತ್ತಿರವೂ ನಿಂತು ಕಿವಿಗೊಟ್ಟಳು. ಮುಟ್ಟಿದರೆ ಪುಡಿಯಾಗುತ್ತಿದ್ದವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹಿತ್ತಲಿಗೆ ಹೋಗಲು ಅಲ್ಲಿ ಹಿತ್ತಲೂ ಇರಲಿಲ್ಲ. ಒಂದು ಧ್ವನಿಗೆ ಎರಡಂತಸ್ತಿನ ಮನೆ ಕಟ್ಟಿಸಿದ ಮಹಾಶಯ ನಾನು ಬದುವಿನ ಮೇಲೆ ಕುಳಿತು ಕಣ್ಣೊರೆಸಿಕೊಂಡೆ. ಮಲ್ಲಪ್ಪಕಾಕಾ ಎಳೆಯ ತೆನೆ ಸುಟ್ಟು ಸೀತನಿ ತರಲೇ ಎಂದು ಮೆಲ್ಲಗೆ ಕೇಳಿದ. ಯಾರೂ ಬೇಕೆನ್ನಲಿಲ್ಲ.

ಮನೆಗೆ ಬಂದ ಮೇಲೆ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಡುಗೆಮನೆಯ ಸ್ಪೀಕರಿನ ಮೇಲೆ ಹಿಟ್ಟಿನ ಧೂಳು ಕೂತಿತು. ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತ, "ಹೊಸಾ ಕೊಡಾ ಹೊತ್ತ ತಂದೀನಿ..." ಎಂದು ಮೆಲ್ಲಗೆ ಶುರು ಮಾಡಿದ್ದು ಕೇಳಿಸಿತು. ಅಲ್ಲಿಗೇ ನಿಂತಿತು.

"ಯಾಕ, ಮರತಿಯೇನು?" ಎಂದೆ.

"ಮಾತ ಎಲ್ಲಾ ನೆನಪೈತ್ರಿ. ದನಿ ನೆನಪಾಗವಲ್ದು," ಎಂದಳು.

ಹೊರಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳೂ ಹಿಂದೆ ಬಂದು ನಿಂತಳು.

"ನಿಮಗ ವೈರ್ ಹಚ್ಚಾಕ ಬರದಾಗ ಮೊದ್ಲ ಒಂದೀಟು ತುಂಬಿ ನೋಡಿದ್ರೆಲ್ಲ, ಅದೇನ ಮಾಡಿದ್ರಿ?"

ಏನು ಮಾಡಿದ್ದೆ? ನನಗೆ ನೆನಪೇ ಇರಲಿಲ್ಲ. ವಿದ್ಯೆ ಕಲಿಯುವಾಗ ಕ್ಯಾಸೆಟ್ಟಿನ ಆರಂಭದ ತುಣುಕನ್ನು ತುಂಬಿ, ಸರಿ ಬಂದಿದೆಯೋ ಇಲ್ಲವೋ ನೋಡಿ, ಬಿಟ್ಟುಬಿಟ್ಟಿದ್ದೆ. ಪೆಟ್ಟಿಗೆಗೆ ಹೋಗುವಷ್ಟು ಯೋಗ್ಯತೆ ಅದಕ್ಕಿಲ್ಲ ಎಂದು ಕಂಪ್ಯೂಟರಿನಲ್ಲೇ ಎಲ್ಲೋ ಉಳಿಸಿದ್ದಿರಬೇಕು. ಹುಡುಕಿದೆವು. ಕಸಕಡ್ಡಿಯ ನಡುವೆ 'ಟ್ರಯಲ್' ಎಂಬ ಹೆಸರಿನಲ್ಲಿ ಸಿಕ್ಕಿತು. ಸುನಂದಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾನು ಒತ್ತಿದೆ.

"ಹಲೋ... ಹಲೋ... ಎಲ್ಲಾರೂ ಇಲ್ಲಿ ಕೇಳ್ರಿ. ಇದು ಟೇಪ್ ರೆಕಾರ್ಡರ್." ನನ್ನ ಧ್ವನಿ! "ಈ ಕೆಂಪ ಬಟನ್ ಒತ್ತಿದ್ರ ನಮ್ಮ ದನಿ ಒಳಗ ಹೋಗ್ತೈತಿ. ಹ್ಯಾಂಗ ಹೋಗ್ತೈತಿ ಅಂತ ನೀವು ಕೇಳಬಹುದು..."

ಯಾರೂ ಕೇಳಿರಲಿಲ್ಲ. ಆದರೂ ಹೇಳುತ್ತಲೇ ಇದ್ದೆ. ಅಯಸ್ಕಾಂತದ ಬಗ್ಗೆ ಹೇಳಿದೆ. ವಿದ್ಯುತ್ತಿನ ಬಗ್ಗೆ ಹೇಳಿದೆ. ಬಳೆಗಳ ಸಪ್ಪಳ, ಯಾರದೋ ಆಕಳಿಕೆ, ಹೊರಗೆ ಪಟಾಕಿ. ತುಣುಕು ಮುಗಿಯುತ್ತ ಬಂತು. ನಾನು ಇನ್ನೂ ಹೇಳುತ್ತಿದ್ದೆ! ನಾಚಿಕೆಯಿಂದ ನನಗೆ ಸುನಂದಾಳ ಕಡೆ ತಿರುಗಲಾಗಲಿಲ್ಲ. ಜಗತ್ತಿನಲ್ಲಿ ಉಳಿಯಬೇಕಾದದ್ದೆಲ್ಲ ಅಳಿದು, ಉಳಿದದ್ದು ನನ್ನ ಭಾಷಣ ಮಾತ್ರ.

ಆಗ, ಕೊನೆಗೆ, ಎಳೆತವಿಲ್ಲದೆ, ಸ್ವಚ್ಛವಾಗಿ ಬಂತು.

"ಮಾಸ್ತರ್ರ, ನೀವ ಒಂದೀಟ ಸುಮ್ಮ ಕುಂದರ್ರಿ. ನಮ್ಮ ಸುನಂದಾ ಹೇಳ್ಲಿ ಮೊದ್ಲ. ಬಾ ಮಗಳ."

ಅಷ್ಟೇ. ತುಣುಕು ಮುಗಿಯಿತು.

ಸುನಂದಾ ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಎರಡೂ ಒಟ್ಟಿಗೆ ಬಂದವು. "ಇನ್ನೊಮ್ಮಿ ಹಚ್ಚ್ರಿ," ಎಂದಳು. ಹಚ್ಚಿದೆ. ಮತ್ತೊಮ್ಮೆ ಎಂದಳು. 'ಬಾ ಮಗಳ' ಎಂದಾಗಲೆಲ್ಲ ಅವಳು ಗೊತ್ತಿಲ್ಲದೆಯೇ ಅರ್ಧ ಹೆಜ್ಜೆ ಮುಂದೆ ಬರುತ್ತಿದ್ದಳು.

ನಾನು ಗಂಟಲು ಸರಿಮಾಡಿಕೊಂಡೆ. "ಈಗ ಇದನ್ನ ಎಲ್ಲೆಲ್ಲಿ ಇಡಬೇಕು ಅಂತ ನೋಡಬೇಕು. ಹೊಸ ಡಿಸ್ಕ್ ಹ್ಯಾಂಗೂ ಐತಿ. ಮೊದಲ ಏನ ಮಾಡೂದಂದ್ರ..."

ಸುನಂದಾ ನನ್ನ ಹೆಗಲ ಮೇಲಿಂದ ಕೈ ಚಾಚಿ ತುಣುಕಿನ ಕೊನೆಗೆ ಒಯ್ದು ತಾನೇ ಒತ್ತಿದಳು.

"ಮಾಸ್ತರ್ರ, ನೀವ ಒಂದೀಟ ಸುಮ್ಮ ಕುಂದರ್ರಿ."

ಅತ್ತೆ ಬದುಕಿದ್ದಾಗ ನಾನು ಅವರ ಮಾತು ಒಂದು ದಿನವೂ ಕೇಳಿದವನಲ್ಲ. ಅಂದು ಕೇಳಿದೆ. ಸುಮ್ಮನೆ ಕುಳಿತೆ.